ಬಾಸಿಂಗಕ್ಕೆ ಎಟುಕದ ಮಾವನ ಕೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇನ್ನೊಬ್ಬರ ಭುಜನೋವನ್ನು ಅಣಕಿಸಲು ಹೋಗಿ ಸ್ವಂತಕ್ಕೆ ಕತ್ತುನೋವು ತಂದುಕೊಂಡ ದಡ್ಡ ಇಡೀ ವಿಜಯನಗರದಲ್ಲಿ ನಾನೊಬ್ಬನೇ ಇರಬೇಕು. ಹಾವಾಡಿಗನಿಗೆ ಹಾವು ಕಚ್ಚುವುದುಂಟು. ನಾನು ಹಾವಿನ ಹಾಗೆ ನಟಿಸಲು ಹೋಗಿ ನನ್ನ ನಾಲಿಗೆಯನ್ನೇ ಕಚ್ಚಿಕೊಂಡ ಜಾತಿಯವನು.

ಅಣಕಿಸುವುದು ನನಗೆ ಊಟ ತಿಂಡಿಯಷ್ಟೇ ಸಹಜ. ಪಕ್ಕದ ಮನೆ ಆಂಟಿ 'ಮೋಟರ್ ಆಫ್ ಮಾಡ್ರೀ' ಎಂದು ಕೂಗುವುದು, ನನ್ನನ್ನು ಬೈಯುತ್ತಿರುವಾಗಲೇ ಫೋನ್ ಬಂದರೆ ಅಮ್ಮನ ದನಿ ದಿಢೀರನೆ ಜೇನಾಗುವುದು, ಕೆಲಸದ ಇಂಟರ್‌ವ್ಯೂನಲ್ಲಿ ನಾನೇ 'ಯೆಸ್ ಸಾರ್' ಎನ್ನುವ ಬದಲು ಬಿಕ್ಕಳಿಸಿದ್ದು, ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಮಾವನ ಐಟಂಗೆ.

ಮಾವ ಎಂದರೆ ಅಮ್ಮನ ಅಣ್ಣ. ಗೋವಿಂದರಾಜನಗರದಲ್ಲಿ ಪೇಂಟು, ಪೈಪು, ನಲ್ಲಿ ಮಾರುವ ಹಾರ್ಡ್‌ವೇರ್ ಅಂಗಡಿ ಅವರದು. ರಾತ್ರಿ ಅಂಗಡಿ ಮುಚ್ಚುವಾಗ ಅಕ್ಕಪಕ್ಕದವರೆಲ್ಲ ಕೊಕ್ಕೆ ಕೋಲು ಹಾಕಿ ಷಟರ್ ಎಳೆದರೆ, ಮಾವ ಒಂದು ನೆಗೆತ ನೆಗೆದು ಬಲಗೈಯಲ್ಲಿ ಅದನ್ನು ಹಿಡಿದು ಒಂದೇ ಏಟಿಗೆ ಇಳಿಸುತ್ತಿದ್ದರು. ಧಡಾರ್! ಆ ಸದ್ದು ಕೇಳಿದ ಮೇಲೆಯೇ ಎದುರಿನ ಬೇಕರಿಯವನು ಲೈಟ್ ಆರಿಸುತ್ತಿದ್ದ. ಒಂದು ದಿನ ಷಟರ್ ಅರ್ಧಕ್ಕೇ ಕಚ್ಚಿಕೊಂಡಿತು. ಮಾವ ಕೆಳಗೆ ಬಂದರು, ಷಟರ್ ಬರಲಿಲ್ಲ. ಅಂದಿನಿಂದ ಆ ಕೈ ಭುಜದ ಮಟ್ಟಕ್ಕೂ ಏರದಾಯಿತು.

ಎಕ್ಸ್-ರೇ ತೆಗೆಸಿದರು. ಮೂಳೆ ಮುರಿದಿಲ್ಲ ಎಂದಾಯಿತು. ಮುರಿದಿಲ್ಲ ಎಂದಮೇಲೆ ಡಾಕ್ಟರ ಕೆಲಸ ಮುಗಿಯಿತು, ಇನ್ನು ನೆಂಟರ ಕೆಲಸ ಎಂದು ಮನೆಮಂದಿ ತೀರ್ಮಾನಿಸಿದರು. ಅತ್ತೆ ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದರು. ಅಮ್ಮ ಬಟ್ಟೆಯಲ್ಲಿ ಕಲ್ಲುಪ್ಪು ಗಂಟುಕಟ್ಟಿ, ಕಾವಲಿಯ ಮೇಲಿಟ್ಟು ಶಾಖ ಕೊಟ್ಟಳು. ಯಾರೋ ತಾಮ್ರದ ಬಳೆ ತಂದು ತೊಡಿಸಿದರು. ಕೊನೆಗೆ ಮಾಗಡಿ ರಸ್ತೆಯ ನಾಟಿ ವೈದ್ಯರೊಬ್ಬರು ಮೊಟ್ಟೆಯ ಬಿಳಿಯಲ್ಲಿ ಏನೋ ಪುಡಿ ಕಲಸಿ ಪಟ್ಟು ಹಾಕಿ, ಕೈಯನ್ನು ಎದೆಗೆ ಸೇರಿಸಿ ಕಟ್ಟಿದರು. ವಾರ ಬಿಟ್ಟು ಬಿಚ್ಚಿ ಎಂದಿದ್ದರಂತೆ. ಮಾವನದು ಹೋಲ್‌ಸೇಲ್ ಬುದ್ಧಿ. ವಾರಕ್ಕೇ ಇಷ್ಟು ಗುಣವಾದರೆ ತಿಂಗಳಿಗೆ ಎಷ್ಟಾಗಬೇಡ ಎಂದು ಬಿಚ್ಚಲೇ ಇಲ್ಲ. ಬಿಚ್ಚುವ ಹೊತ್ತಿಗೆ ನೋವು ತಗ್ಗಿತ್ತು, ಭುಜ ಮಾತ್ರ ತುಕ್ಕು ಹಿಡಿದ ನಲ್ಲಿಯಾಗಿತ್ತು.

ಇಷ್ಟರಲ್ಲಿ ನನ್ನ ಅಣ್ಣನ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆಗಂಡಿನ ಹಣೆಗೆ ಬಾಸಿಂಗ ಕಟ್ಟುವ ಹಕ್ಕು ಹಿರಿಯ ಸೋದರಮಾವನದು. ಗಂಡು ಹಸೆಮಣೆಯ ಮೇಲೆ ನಿಂತಿರಬೇಕು, ಮಾವ ಎದುರು ನಿಂತು ಎರಡೂ ಕೈಗಳನ್ನು ಅವನ ತಲೆಯ ಹಿಂದಕ್ಕೆ ಒಯ್ದು ಗಂಟು ಹಾಕಬೇಕು. ನಮ್ಮಣ್ಣನೋ ಸಿಟಿ ಬಸ್ಸಿನಲ್ಲಿ ಕತ್ತು ಬಗ್ಗಿಸಿ ನಿಲ್ಲುವ ಎತ್ತರದವನು. ಅದರ ಮೇಲೆ ಹಸೆಮಣೆ, ಅದರ ಮೇಲೆ ಪೇಟ. ಮಾವ ನೆಟ್ಟಗೆ ನಿಂತರೂ ಅವನ ಎದೆಗೆ ಬರುತ್ತಾರೆ.

ಮಾವನ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಹಾಕಿದ್ದರು.

"ಅಣ್ಣ, ನೀನು ಯಾಕೆ ಕಷ್ಟಪಡ್ತೀಯ? ನಾನೇ ಕಟ್ತೀನಿ ಬಿಡು."

"ನಾನು ಬದುಕಿರೋವಾಗ ನೀನು ಯಾವ ಲೆಕ್ಕದಲ್ಲಿ ಕಟ್ತೀಯೋ?"

"ಒಂದು ಸ್ಟೂಲ್ ಹಾಕ್ಕೊಂಡ್ರೆ?" ಎಂದಳು ಅಮ್ಮ ಮೆಲ್ಲಗೆ.

"ಸ್ಟೂಲ್ ಹತ್ತೋಕೆ ನಾನೇನು ಬಲ್ಬ್ ಹಾಕೋಕೆ ಬರ್ತಾ ಇದೀನಾ?"

"ಹೋಗ್ಲಿ ಮಾವ, ನಾನೇ ಸ್ವಲ್ಪ ಬಗ್ತೀನಿ" ಎಂದ ಅಣ್ಣ.

"ಮದುವೆ ದಿನ ಗಂಡು ತಲೆ ಬಗ್ಗಿಸ್ಬಾರ್ದು ಕಣೋ. ಮಾರನೇ ದಿನದಿಂದ ಹೆಂಗಿದ್ರೂ ಬಗ್ಗಿಸ್ತೀಯ."

ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಅಪ್ಪನನ್ನು ಬೇಗ ಕಳೆದುಕೊಂಡ ನಮಗೆ ಅಪ್ಪನ ಸ್ಥಾನದಲ್ಲಿ ನಿಂತವರು ಅವರೇ. ಆ ಗಂಟು ಬೇರೆಯವರ ಕೈಯಿಂದ ಬಿದ್ದರೆ ಅವರಿಗೆ ಏನಾಗುತ್ತದೆ ಎಂಬುದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನು? ಮಾವ ಲೋಟ ಎತ್ತುವುದು, ಮಾವ ತಲೆ ಬಾಚುವುದು, ಮಾವ ಅಂಗಡಿಯ ಮೇಲಿನ ಅಟ್ಟದಿಂದ ಪೇಂಟ್ ಡಬ್ಬ ಇಳಿಸಲು ಹೋಗಿ ಭುಜವನ್ನು ಕಿವಿಗೆ ತಾಗಿಸಿಕೊಂಡು ನಿಲ್ಲುವುದು, ಇದನ್ನೆಲ್ಲ ಮದುವೆಗೆ ಕರೆಯಲು ಹೋದ ಪ್ರತಿ ಮನೆಯಲ್ಲೂ ಮಾಡಿ ತೋರಿಸಿದ್ದು. ಒಂದು ಮನೆಯಲ್ಲಿ ಕೇಸರಿಬಾತು ಎರಡನೇ ಸಲ ಹಾಕಿಸಿಕೊಂಡಿದ್ದೂ ಈ ಐಟಂನ ಬಲದಿಂದಲೇ. ಕೆಲವೇ ದಿನಗಳಲ್ಲಿ ನನ್ನ ಬಲಗಡೆ ಕತ್ತು ಸೆಟೆದುಕೊಂಡಿತು. ಹೆಲ್ಮೆಟ್ ಹಾಕಲು ಹೋದರೆ ಅಯ್ಯೋ ಎನ್ನುವ ಸ್ಥಿತಿ.

"ಒಳ್ಳೇದೇ ಆಯ್ತು. ದೇವರಿಗೂ ಮಿಮಿಕ್ರಿ ಬರುತ್ತೆ" ಎಂದಳು ಅಮ್ಮ. ಆಮೇಲೆ ನಮ್ಮಿಬ್ಬರನ್ನೂ ಒಂದೇ ಆಟೋದಲ್ಲಿ ಕೂರಿಸಿ, ಬಸವೇಶ್ವರನಗರದ ಒಬ್ಬ ಫಿಸಿಯೋಥೆರಪಿ ಮೇಡಂ ಬಳಿ ಕಳಿಸಿದಳು.

ಮೇಡಂ ಎದುರು ಮಾವ ಥೇಟ್ ವ್ಯಾಪಾರಿಯಾದರು. ಮಾಲಿನಲ್ಲಿ ದೋಷವಿದೆ ಎಂದು ಯಾವ ವ್ಯಾಪಾರಿ ಒಪ್ಪುತ್ತಾನೆ?

"ಏನಿಲ್ಲ ಮೇಡಂ, ಸ್ವಲ್ಪ ಹಿಡ್ಕೊಂಡಂಗಿದೆ ಅಷ್ಟೇ."

"ಕೈ ಎತ್ತಿ ನೋಡೋಣ."

ಮಾವ ಮುಖ ಬಿಗಿದು, ಉಸಿರು ಕಟ್ಟಿ, ಸೊಂಟವನ್ನು ಒಂದು ಕಡೆ ವಾಲಿಸಿ ಹೇಗೋ ಎತ್ತಿದಂತೆ ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಇದು ನಿಮಗೋಸ್ಕರ ಎತ್ತಿದ್ದು. ಯಾರೂ ನೋಡದೇ ಇದ್ದಾಗ ಎತ್ತೋದು ಹೀಗೆ" ಎಂದು ಎದ್ದು ನಿಂತು ಪೇಂಟ್ ಡಬ್ಬದ ಐಟಂ ಮಾಡಿದೆ.

ಮೇಡಂ ನಗಲಿಲ್ಲ. ಎದ್ದು ಬಂದು ನನ್ನ ಬೆನ್ನಿನ ರೆಕ್ಕೆಮೂಳೆಯ ಮೇಲೆ ಕೈಯಿಟ್ಟು, "ಇನ್ನೊಂದ್ಸಲ ಮಾಡಿ" ಎಂದರು. ಮಾಡಿದೆ. "ನಿಧಾನಕ್ಕೆ." ನಿಧಾನಕ್ಕೆ ಮಾಡಿದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಕಲೆಯನ್ನು ಯಾರೋ ಗಂಭೀರವಾಗಿ ನೋಡುತ್ತಿದ್ದರು.

"ನಿಮಗೆ ನೋವಿರೋದು ಇಲ್ಲಿ ತಾನೇ?" ಎಂದು ಕತ್ತು ಮತ್ತು ಭುಜದ ನಡುವೆ ಒತ್ತಿದರು. ನಾನು ಕಿರುಚಿದೆ. ಆ ಕಿರುಚಿನಲ್ಲಿ ನಟನೆ ಇರಲಿಲ್ಲ.

"ನೋಡಿ ಸಾರ್," ಎಂದು ಮಾವನ ಕಡೆ ತಿರುಗಿದರು. "ಭುಜದ ಗುಂಡು ದೊಡ್ಡದು, ಅದು ಕೂರೋ ಬಟ್ಟಲು ಚಿಕ್ಕದು. ಸಾಸರ್ ಮೇಲೆ ನಿಂಬೆಹಣ್ಣು ಇಟ್ಟಂಗೆ. ಹೊರಗೆ ಕಾಣೋ ದಪ್ಪ ಸ್ನಾಯು ಕೈ ಎತ್ತುತ್ತೆ ನಿಜ. ಆದ್ರೆ ಆ ಗುಂಡು ಜಾರದಂಗೆ ಒಳಗಡೆ ನಾಲ್ಕು ಸಣ್ಣ ಸ್ನಾಯು ಸುತ್ತ ಹಿಡ್ಕೊಂಡಿರ್ಬೇಕು."

"ಅಂದ್ರೆ ಗಲ್ಲಾದಲ್ಲಿ ಕೂರೋನು ಒಬ್ಬ, ಅಂಗಡಿ ನಡೆಸೋರು ನಾಲ್ಕು ಜನ."

"ಸರಿಯಾಗಿ ಹೇಳಿದ್ರಿ. ಷಟರ್ ಎಳೆದಾಗ ಆ ನಾಲ್ಕು ಜನಕ್ಕೆ ಏಟು ಬಿತ್ತು. ಆಮೇಲೆ ಕಟ್ಟಿ ಕೂರಿಸಿದ್ರಿ, ಕೆಲಸ ಮರೆತ್ರು. ಈಗ ಕತ್ತಿನ ಸ್ನಾಯು, ಪಕ್ಕದಂಗಡಿಯವನು, ಬಂದು ನಿಮ್ಮಂಗಡಿ ನಡೆಸ್ತಿದಾನೆ. ಅವನಿಗೆಷ್ಟು ಸುಸ್ತಾಗುತ್ತೆ ಅಂತ ನಿಮ್ಮ ಅಳಿಯನ್ನ ಕೇಳಿ."

ಮಾವ ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಅರ್ಧ, ಮೆಚ್ಚುಗೆ ಅರ್ಧ ಇತ್ತು.

ಮದುವೆಯವರೆಗೆ ಮಾಡಬೇಕಾದದ್ದನ್ನು ಮೇಡಂ ಹೇಳಿಕೊಟ್ಟರು. ಬಗ್ಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗುಬಿಡುವುದು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸುವುದು, ಭುಜವನ್ನು ಕಿವಿಯಿಂದ ಕೆಳಗಿಳಿಸಿ ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸುವುದು. ಅಮ್ಮನ ಉಪ್ಪಿನ ಶಾಖಕ್ಕೂ ಅನುಮತಿ ಸಿಕ್ಕಿತು: "ಶಾಖ ಕೊಡಿ, ಆಮೇಲೆ ಕೈ ಆಡ್ಸಿ. ಶಾಖ ತಗೊಂಡು ಮಲಗಿಬಿಟ್ರೆ ಆಗಲ್ಲ."

ಮಾವ ಎರಡೇ ದಿನಕ್ಕೆ ನಿಲ್ಲಿಸಿದರು. "ಗೋಡೆ ಮೇಲೆ ಬೆರಳಾಡಿಸ್ತಾ ನಿಂತ್ರೆ ಗಿರಾಕಿಗಳು ಏನಂದ್ಕೊಳ್ತಾರೋ?" ನಾನು ಮೇಡಂಗೆ ಫೋನ್ ಮಾಡಿ ಚಾಡಿ ಹೇಳಿದೆ. ಅವರು ಸ್ಪೀಕರ್ ಹಾಕಿಸಿ ಹೇಳಿದ್ದಿಷ್ಟು: "ಸಾರ್, ಇಷ್ಟು ದಿನ ಅವ್ರು ನಿಮ್ಮನ್ನ ಅಣಕಿಸಿದ್ರಲ್ಲ, ಈಗ ನೀವು ಅವ್ರನ್ನ ಅಣಕಿಸಿ. ಅವ್ರು ಸರಿಯಾಗಿ ಮಾಡಿ ತೋರಿಸ್ತಾರೆ."

ಮಾವನ ಕಣ್ಣು ಮಿನುಗಿದ್ದನ್ನು ನಾನು ಮರೆಯುವುದಿಲ್ಲ. ಅಂದಿನಿಂದ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಪೈಪುಗಳ ನಡುವೆ ನಾವಿಬ್ಬರೂ ಎದುರುಬದುರು ನಿಲ್ಲುತ್ತಿದ್ದೆವು. ನಾನು ಕೈ ತೂಗಿದರೆ ಅವರೂ ತೂಗುವರು. ಭುಜ ಇಳಿಸಿದರೆ ಅವರೂ ಇಳಿಸುವರು. ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಮಧ್ಯೆ ಫೋನ್ ನೋಡಿ ಹಲ್ಲುಕಿರಿದರೆ ಅದನ್ನೂ ಮಾಡಿದರು. ನಾನು ಕೂದಲು ಸವರಿಕೊಳ್ಳುವುದು, ಹೊಟ್ಟೆ ಒಳಗೆಳೆದುಕೊಂಡು ನಡೆಯುವುದು, ಆ ಬಿಕ್ಕಳಿಕೆ ಕೂಡ! ಅತ್ತೆ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕರು. ನನ್ನ ವಿದ್ಯೆ ಎಲ್ಲಿಂದ ಬಂತೆಂದು ಆಗ ಮನೆಯವರಿಗೆಲ್ಲ ತಿಳಿಯಿತು. ಬೆರಳಿನ ಇರುವೆ ದಿನದಿನವೂ ಗೋಡೆಯ ಮೇಲೆ ಒಂದಿಷ್ಟು ಮೇಲೇರಿತು. ನನ್ನ ಕತ್ತೂ ಸದ್ದಿಲ್ಲದೆ ಸರಿಹೋಯಿತು.

ಮದುವೆ ಕೆಂಗೇರಿಯ ಛತ್ರದಲ್ಲಿ. ಅಣ್ಣ ಪೇಟ ತೊಟ್ಟು ಹಸೆಮಣೆಯ ಮೇಲೆ ನಿಂತಾಗ ಫ್ಯಾನಿಗೆ ತಾಗುತ್ತಾನೇನೋ ಎನಿಸಿತು. ಚಿಕ್ಕಮಾವ ರೇಷ್ಮೆ ಶರ್ಟಿನ ತೋಳು ಮಡಚಿ ಪಕ್ಕದಲ್ಲೇ ಕಾಯುತ್ತಿದ್ದರು. ಪುರೋಹಿತರು ಬಾಸಿಂಗ ಕೊಟ್ಟರು. ಮಾವ ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಎಡಗೈ ಸರಾಗ ಹೋಯಿತು. ಬಲಗೈ ಅಣ್ಣನ ಗಲ್ಲದ ಹತ್ತಿರ ನಿಂತಿತು. ಭುಜ ಮತ್ತೆ ಕಿವಿಯ ಕಡೆಗೆ ಏರತೊಡಗಿತ್ತು. ಜನ ನೋಡುತ್ತಿದ್ದರಲ್ಲ, ಮಾವ ಜನರಿಗೋಸ್ಕರ ಎತ್ತುತ್ತಿದ್ದರು.

"ಅಣ್ಣ, ಕೊಡು" ಎಂದು ಚಿಕ್ಕಮಾವ ಕೈ ಚಾಚಿದರು. ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

ನಾನು ಅಣ್ಣನ ಬೆನ್ನ ಹಿಂದೆ, ಮಾವನಿಗೆ ಕಾಣುವ ಹಾಗೆ ನಿಂತೆ. ನನ್ನ ಎರಡು ಭುಜಗಳನ್ನೂ ನಿಧಾನವಾಗಿ ಕೆಳಗಿಳಿಸಿ, ರೆಕ್ಕೆಮೂಳೆಗಳನ್ನು ಹಿಂದಕ್ಕೆ ಸೇರಿಸಿ, ಬಲಗೈ ಎತ್ತಿದೆ. ಮಾವ ನೋಡಿದರು. ಅವರ ಭುಜ ಕಿವಿ ಬಿಟ್ಟು ಕೆಳಗಿಳಿಯಿತು. ಒಳಗಿನ ಆ ನಾಲ್ವರು ಕೆಲಸಕ್ಕೆ ಬಂದರು. ಕೈ ಅಣ್ಣನ ಗಲ್ಲ ದಾಟಿತು, ಕಿವಿ ದಾಟಿತು, ಪೇಟದ ಹಿಂದಕ್ಕೆ ಹೋಯಿತು. ಗಂಟು ಬಿತ್ತು. ಒಂದಲ್ಲ, ಚಿಕ್ಕಮಾವನ ಸಮಾಧಾನಕ್ಕೆ ಅದರ ಮೇಲೆ ಇನ್ನೊಂದು. ವಾಲಗದವರು ಯಾರೂ ಹೇಳದೆಯೇ ಜೋರಾಗಿ ಊದಿದರು. ಅಮ್ಮ ಅಳುತ್ತಾ ಚಪ್ಪಾಳೆ ತಟ್ಟಿದಳು. ಅಣ್ಣ ತಲೆ ಬಗ್ಗಿಸಲೇ ಇಲ್ಲ. ಚಿಕ್ಕಮಾವನೇ ಮೊದಲು ಮುಂದೆ ಬಂದು ಮಾವನನ್ನು ತಬ್ಬಿಕೊಂಡರು.

ಊಟದ ಪಂಕ್ತಿಯಲ್ಲಿ ನೆಂಟರು ಬಿಡಲಿಲ್ಲ. "ಲೋ, ಮಾವನ ಐಟಂ ಮಾಡೋ, ಒಂದೇ ಒಂದ್ಸಲ!" ಗೆದ್ದ ಹುಮ್ಮಸ್ಸಿನಲ್ಲಿ ನಾನೂ ಎದ್ದುನಿಂತು, ಭುಜವನ್ನು ಕಿವಿಗೆ ಏರಿಸಿ ಶುರು ಮಾಡಿದೆ. ಮಾವ ಎಲೆಯಿಂದ ತಲೆಯೆತ್ತಿ, ತಮ್ಮ ಬಲಗೈಯನ್ನು ನೆಟ್ಟಗೆ ಗಾಳಿಯಲ್ಲಿ ಎತ್ತಿ ಹಿಡಿದು ಹೇಳಿದರು:

"ಮಾಡೋ ಮಾಡು. ಮೊದಲೆಲ್ಲ ಈ ಕೈ ನಿನ್ನ ಕಪಾಳದವರೆಗೂ ಬರ್ತಿರ್ಲಿಲ್ಲ. ಈಗ ಬರುತ್ತೆ."