ಗಾಜಿನ ಮೇಲಿನ ಹೆಸರು

ಅವ್ವ ಹೋದ ಮೇಲೆ ನಿನ್ನೆ ಅವಳ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ನಮ್ಮ ಹೊಲದ, ಮಡಿಕೆ ಹರಿದ ಹಳೆಯ ಪಹಣಿ ಪತ್ರ ಸಿಕ್ಕಿತು.

ಕಾಲುವೆ ನೀರು ನಮ್ಮ ಹೊಲ ಮುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದ. ಪಹಣಿಯಲ್ಲಿ ಹೆಸರು ಬದಲಿಸಲು ಅವ್ವ ನನ್ನನ್ನು ಸುರಪುರದ ತಹಸೀಲ್ ಕಚೇರಿಗೆ ಕರೆದೊಯ್ದಳು. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋದೆವು.

"ನಿಮ್ಮಪ್ಪ ಎಲ್ಲಿ ಅದಾನ, ತೋರ್ಸವಾ," ಎಂದಳು ಓದು ಬಾರದ ಅವ್ವ. ಕಂಪ್ಯೂಟರಿನ ಗಾಜಿನ ಮೇಲೆ ಅಪ್ಪನ ಹೆಸರು ತೋರಿಸಿದೆ. ಅವಳು ಸೆರಗಿನಿಂದ ಆ ಗಾಜಿನ ಧೂಳು ಒರೆಸಿದಳು.

"ಮುಟ್ಟಬ್ಯಾಡ್ರಿ," ಎಂದು ಕಾರಕೂನರು ಕೀಲಿ ಒತ್ತಿದರು. ಹೆಸರು ಕೊನೆಯ ಅಕ್ಷರದಿಂದ ಅಳಿಯತೊಡಗಿತು. ಹೊಸದಾಗಿ ಓದಲು ಕಲಿತಿದ್ದ ನಾನು "ಶರಣ... ಶರ... ಶ..." ಎಂದು ಜೋರಾಗಿ ಓದಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ನಾನು ಸಿಟ್ಟಿನಿಂದ ಮುಖ ತಿರುಗಿಸಿಕೊಂಡೆ. ಕಾರಕೂನರು ಮುಂದೆ ಬರೆದದ್ದನ್ನು ಓದಲಿಲ್ಲ.

ಮರಳುವಾಗ, ಕಚೇರಿಯಲ್ಲಿ ಕೊಟ್ಟ ಹೊಸ ಪಹಣಿ ಮಡಚಿ ಹಿಡಿದು, ಕಾಲುವೆ ದಂಡೆಯ ಮೇಲೆ ಅವ್ವ ಕೇಳಿದಳು: "ಒಂದಕ್ಷರನೂ ಉಳೀಲಿಲ್ಲೇನವಾ?"

"ಇಲ್ಲ," ಎಂದೆ, ಇನ್ನೂ ಸಿಟ್ಟಿನಲ್ಲೇ. ಆಮೇಲೆ ಅವಳು ಯಾವತ್ತೂ ಕೇಳಲಿಲ್ಲ.

ನಿನ್ನೆ ಆ ಪಹಣಿಯನ್ನು ಬಿಚ್ಚಿ ಓದಿದೆ: "ನಾಗಮ್ಮ ಗಂಡ ಶರಣಪ್ಪ."

ಅಪ್ಪ ಇಷ್ಟು ವರ್ಷ ಅವಳ ಹೆಸರಿನ ಪಕ್ಕದಲ್ಲೇ ಇದ್ದ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ ಇದ್ದೆ.