ಐದು ವರ್ಷ ಮುಂದಿರುವ ನಿರ್ದೇಶಕರು

ನಮ್ಮ ಸೋಪು ಕಾರ್ಖಾನೆಯ ನಿರ್ದೇಶಕರಿಗೆ ಯೋಜನೆ ಎಂದರೆ ಪ್ರಾಣ. ಮೆಟ್ಟಿಲಲ್ಲಿ ಎದುರಾದರೂ "ನಮ್ಮ ಗುರಿ ಏನಪ್ಪಾ?" ಎನ್ನುವವರು. ಬೋರ್ಡಿನ ತುಂಬ ಬಾಣ ಬರೆದು, ಅಂಗಿತೋಳಿನಿಂದಲೇ ಒರೆಸಿ, "ಐದು ವರ್ಷ ಮುಂದೆ ನೋಡ್ರಿ" ಎನ್ನುತ್ತಲೇ ಮುಂದಿರುವ ಕುರ್ಚಿಯನ್ನು ಎಡವುತ್ತಾರೆ. ಈ ಸಲ ಹೊಸ ಯಂತ್ರ ಬಂದು ಪ್ಯಾಕಿಂಗ್ ವಿಭಾಗದ ನಾವೆಲ್ಲ ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತೇವೆಂಬ ಸುದ್ದಿ ಹಬ್ಬಿತ್ತು. ಸಭೆಗೆ ನಾವೆಲ್ಲ ಹೋಗಿ ಕೂತೆವು. "ಯಂತ್ರ ಬರುತ್ತೆ. ಆದ್ರೆ ಯಾರನ್ನೂ ಮನೆಗೆ ಕಳಿಸಲ್ಲ. ಅಲ್ಲಿಂದ್ಲೇ ಯೋಜನೆ ಶುರು ಮಾಡೋಣ" ಎಂದರು ನಿರ್ದೇಶಕರು. ನಮ್ಮ ಪ್ಯಾಕಿಂಗಿನ ಹಿರಿಯಕ್ಕ ಕಣ್ಣೊರೆಸಿಕೊಂಡು, "ನಮ್ಮನ್ನ ಉಳಿಸಿಕೊಳ್ಳಬೇಕು ಅಂತ ಯಾಕೆ ಅನ್ನಿಸ್ತು ಸಾರ್?" ಎಂದರು. ನಿರ್ದೇಶಕರು ದನಿ ತಗ್ಗಿಸಿದರು: "ನಮ್ಮಪ್ಪನ ಕೆಲಸ ಇಂಥದ್ದೇ ಒಂದು ಯೋಜನೇಲಿ ಹೋಯ್ತಕ್ಕ. ಅವತ್ತು ಮನೆಗೆ ಬಂದೋರು ಶೂ ಕೂಡ ಬಿಚ್ಚದೆ ಕೂತೇ ಇದ್ರು." ಅಂದು ಮಧ್ಯಾಹ್ನ, ಎಷ್ಟೋ ದಿನಗಳ ಮೇಲೆ, ನಮ್ಮೆಲ್ಲರಿಗೂ ಊಟ ಗಂಟಲಲ್ಲಿ ಇಳಿಯಿತು.