ಸಮುವೇಲಪ್ಪನವರ ಒಂದು ಕೊಡ ನೀರು

ಐದು ಜನ ದಿನವಿಡೀ ಕುಡಿಯಬೇಕಾಗಿದ್ದ ನೀರಿನಲ್ಲಿ ನಾನೊಬ್ಬನೇ ತಲೆಸ್ನಾನ ಮಾಡಿದೆ. ಅದೂ ಏಪ್ರಿಲ್ ತಿಂಗಳಲ್ಲಿ, ಅಕ್ಕಲಕೋಟೆ ತಾಲೂಕಿನ ಕರಜಗಿಯಿಂದ ಒಂದು ತಾಸು ನಡೆದರೆ ಸಿಗುವ, ಹುಲ್ಲು ಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಮಾಳದಲ್ಲಿ. ಖಾಲಿ ಮಾಡಿದ್ದು ಯಾರ ಕೊಡ? ಮಾವನಾಗಲಿ ಎಂದು ನಾನು ಆಸೆಪಟ್ಟಿದ್ದ ಮನುಷ್ಯನದು. ಇಷ್ಟು ಬುದ್ಧಿವಂತಿಕೆ ಇಡೀ ಸೊಲ್ಲಾಪುರದಲ್ಲಿ ಇನ್ನೊಬ್ಬನಿಗೆ ಇರಲಾರದು.

ಆ ಮನುಷ್ಯ ಸಮುವೇಲಪ್ಪ. ಸೊಲ್ಲಾಪುರದ ಮಿಲ್ಲೊಂದರಲ್ಲಿ ಮಗ್ಗದ ಖಾತೆಯ ಜಾಬರ್, ಅಂದರೆ ಮೇಸ್ತ್ರಿ. ಮೂವತ್ತು ವರ್ಷ ಮಗ್ಗಗಳ ನಡುವೆ ನಿಂತು ಕಿವಿ ಅರ್ಧ ಹೋಗಿತ್ತು, ದನಿ ಮಾತ್ರ ಎರಡರಷ್ಟಾಗಿತ್ತು. ಚರ್ಚಿನಲ್ಲಿ ಅವರು ‘ಆಮೆನ್’ ಅಂದರೆ ಹೊರಗೆ ನಿಂತ ಟಾಂಗಾದ ಕುದುರೆ ಎರಡು ಹೆಜ್ಜೆ ಮುಂದೆ ಹೋಗುತ್ತಿತ್ತು. ಅಂಥವರು ಮಾಳಕ್ಕೆ ಬಂದರೆ ಪಿಸುಗುಡುತ್ತಿದ್ದರು.

ಪ್ರತಿ ವರ್ಷ ಶುಭಶುಕ್ರವಾರಕ್ಕೆ ಮುಂಚೆ ಚರ್ಚಿನ ನಾಲ್ಕೈದು ಗಂಡಸರನ್ನು ಕಟ್ಟಿಕೊಂಡು ಎಸ್‌.ಟಿ. ಬಸ್ಸು ಹತ್ತುತ್ತಿದ್ದರು. “ಸ್ವಾಮಿ ಅಡವ್ಯಾಗ ನಲವತ್ತ ದಿನಾ ಇದ್ದಾ. ನಮಗ ಮಿಲ್ಲಿನ್ಯಾಗ ಮೂರ ದಿನಾ ಸುಟ್ಟಿ. ಅಷ್ಟರಾಗ ಎಷ್ಟ ಆಗತೈತಿ ಅಷ್ಟ” ಎನ್ನುತ್ತಿದ್ದರು. ಒಂದು ಕಂಬಳಿ, ಬೈಬಲ್ಲು, ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಗಡಿಯಾರ ಬೇಡ, ಬೀಡಿ ಬೇಡ. ಬೆಳಿಗ್ಗೆ ಎದ್ದವರು ಒಬ್ಬೊಬ್ಬರು ಒಂದೊಂದು ಜಾಲಿಗಿಡದ ಕೆಳಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರಬೇಕು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: “ದೇವರು ಮಾತಾಡ್ತಾನ ತಮ್ಮಾ. ಆದ್ರ ಮಗ್ಗದ ಗದ್ಲದಾಗ ಅಂವಾ ಒದರೂದಿಲ್ಲ. ನಾವ ಹೊರಗ ಬರಬೇಕು.”

ನಾನು ಟವೆಲ್ಲಿನ ಅಂಗಡಿಯಲ್ಲಿ ಗುಮಾಸ್ತ. ನನ್ನ ಬಾಯಿ ಮುಚ್ಚಿದ್ದನ್ನು ನನ್ನ ತಾಯಿಯೂ ನೋಡಿರಲಿಲ್ಲ. ಆದರೆ ಸಮುವೇಲಪ್ಪನವರ ಮಗಳು ರೂತಳನ್ನು ನಾನು ಮೆಚ್ಚಿದ್ದೆ. ಅವಳ ಬುದ್ಧಿಗೂ ಏನೋ ಆಗಿತ್ತು, ಅವಳೂ ನನ್ನನ್ನು ಮೆಚ್ಚಿದ್ದಳು. ಧೈರ್ಯ ಮಾಡಿ ಹೆಣ್ಣು ಕೇಳಿದಾಗ ಸಮುವೇಲಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮಾಳಕ್ಕ ಬಾ. ಮೂರನೇ ದಿನಾ ಹೇಳ್ತೀನಿ” ಅಂದರು.

ನಾನು ಹೊಸ ಬೆಲ್‌ಬಾಟಮ್ ಹಾಕಿಕೊಂಡು ಹೋದೆ. ಅರ್ಧ ಹಾದಿಗೇ ಮಾಳದ ಹುಲ್ಲಿನ ಮುಳ್ಳೆಲ್ಲ ಅದರ ಅಗಲಕ್ಕೆ ಬಂದು ಸೇರಿದವು. ನಮ್ಮ ಜೊತೆಗಿದ್ದ ಟೇಲರ್ ಯೇಸುದಾಸಣ್ಣ, “ದಾನ್ಯಾ, ಪ್ರಾರ್ಥನಾಕ್ಕ ಬಂದಿಯೋ, ಕಸಾ ಹೊಡ್ಯಾಕ ಬಂದಿಯೋ?” ಎಂದ.

ಸಮುವೇಲಪ್ಪ ನಗಲಿಲ್ಲ. ಅವರ ಲಕ್ಷ್ಯ ನೆಲದ ಮೇಲೆ. ದನದ ಗೊರಸಿನ ಗುರುತಿನೊಳಗೆ ಯಾವುದೋ ಹಕ್ಕಿ ಮೂರು ಮೊಟ್ಟೆ ಇಟ್ಟಿತ್ತು. ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸಿ, ಸುತ್ತಿ ಹೋಗುವಂತೆ ಮಾಡಿದರು. ದೂರದಲ್ಲಿ ಚಿಗರಿಯ ಹಿಂಡು ಕಂಡರೆ ತಲೆಯ ಟೋಪಿ ತೆಗೆಯುತ್ತಿದ್ದರು. “ಅವ್ರ ಮನಿಗೆ ಬಂದೀವಲ್ಲ” ಎನ್ನುತ್ತಿದ್ದರು, ಸಂಕೋಚದಿಂದ.

ನೀರಿನ ಲೆಕ್ಕ ಹೀಗೆ: ದಿನಾ ನಸುಕಿನಲ್ಲಿ ಒಬ್ಬ ಕರಜಗಿಯ ಬಾವಿಗೆ ಹೋಗಿ ಒಂದು ಕೊಡ ತರಬೇಕು. ಮೂರನೆಯ ದಿನ ಯೇಸುದಾಸಣ್ಣ ತಂದ. ಸಮುವೇಲಪ್ಪ ನನಗೆ, “ಕೊಡಾ ನೋಡ್ಕೋ” ಎಂದು ಹೇಳಿ ತಮ್ಮ ಗಿಡದ ಕಡೆ ಹೋದರು. ನಾನು ನೋಡಿಕೊಂಡೆ. ಬಗ್ಗಿ ನೋಡಿದರೆ ಒಳಗೆ ನನ್ನ ಮುಖ ಕಂಡಿತು. ಮೂರು ದಿನದ ಧೂಳು. ಇದೇ ಮುಖ ಹೊತ್ತು ಇವತ್ತು ಅವರ ಉತ್ತರ ಕೇಳಬೇಕಲ್ಲ ಅನ್ನಿಸಿ, ಚೀಲದಲ್ಲಿ ಬಚ್ಚಿಟ್ಟಿದ್ದ ಗಂಧದ ಸಾಬೂನು ತೆಗೆದೆ. ಒಂದೇ ತಂಬಿಗೆ ಅಂದುಕೊಂಡಿದ್ದೆ. ನೊರೆ ಕಣ್ಣಿಗೆ ಹೋಯಿತು. ಕಣ್ಣು ಮುಚ್ಚಿಕೊಂಡೇ ಎರಡನೆಯದು, ನಾಲ್ಕನೆಯದು, ಎಂಟನೆಯದು ಸುರುವಿಕೊಂಡೆ. ಕಣ್ಣು ಬಿಟ್ಟಾಗ ಕೊಡದ ತಳ ಕಂಡಿತು.

ಹಿಂದೆ ಸಮುವೇಲಪ್ಪ ನಿಂತಿದ್ದರು.

“ಕಾಕಾ, ಕುರುಬರ ನಾಯಿ ಬಂದು ಕೊಡಾ ಉರುಳಿಸಿ ಹೋತರಿ.”

ಅವರು ಗಾಳಿ ಮೂಸಿ ಮೆಲ್ಲಗೆ ಅಂದರು: “ಭಾಳ ಸ್ವಚ್ಛ ನಾಯಿ ಐತಿ. ಗಂಧದ ಸಾಬಾಣ ತಿಕ್ಕೊಂಡ ಹೋಗೇತಿ.”

ನನ್ನ ಮದುವೆ ಆ ಮಣ್ಣಿನಲ್ಲೇ ಇಂಗಿಹೋಯಿತು ಎಂದುಕೊಂಡೆ. ಕರಜಗಿಗೆ ಓಡಿ ಹೋಗಿ ತರುತ್ತೇನೆ ಎಂದೆ. “ಈ ಬಿಸಲಾಗ ಹ್ವಾದ್ರ ನೀ ಹಪ್ಪಳಾಗಿ ಬರತಿ” ಎಂದು, ಖಾಲಿ ಕೊಡ ನನ್ನ ಹೆಗಲಿಗಿಟ್ಟು ಒಣಗಿದ ಹಳ್ಳಕ್ಕೆ ಕರೆದುಕೊಂಡು ಹೋದರು. ಒಂದು ಕಡೆ ಚಿಗರಿಗಳು ಕಾಲಿನಿಂದ ಉಸುಕು ಕೆರೆದಿದ್ದವು. “ಅವ್ಕ ಗೊತ್ತಿರತೈತಿ. ಇಲ್ಲೇ ವರತಿ ತೋಡು” ಎಂದು ತಾವು ಕಲ್ಲಿನ ಮೇಲೆ ಕೂತರು.

ಕೈಯಿಂದ ತೋಡಿದೆ. ಮೊಣಕೈ ತನಕ ಹೋದರೂ ಬಿಸಿ ಉಸುಕೇ. ಉಗುರು ಹರಿದವು. ನಡುವೆ ಕುರುಬರ ಬೀರಣ್ಣ ಕುರಿ ಹೊಡೆದುಕೊಂಡು ಬಂದು ಅವರ ಕಿವಿಯಲ್ಲಿ ಏನೋ ಕೇಳಿದ, ಅವರು ಏನೋ ಹೇಳಿದರು, ಅವನು ನನ್ನ ಕಡೆ ನೋಡಿ ನಕ್ಕು ಹೋದ. ಸಾಬೂನಿನ ಕಥೆ ಕುರಿಗಳಿಗೂ ತಿಳಿಯಿತು ಎಂದುಕೊಂಡೆ.

ಭುಜದ ತನಕ ಕೈ ಹೋದಾಗ ಬೆರಳಿಗೆ ತಂಪು ತಾಗಿತು. ಉಸುಕು ಕಪ್ಪಾಯಿತು. ಅಂಗೈಯಷ್ಟು ನೀರು ಒಸರಿತು. ಅದು ತುಂಬುವುದನ್ನು ನೋಡುತ್ತಾ ನಾನು ಎಷ್ಟು ಹೊತ್ತು ಸುಮ್ಮನಿದ್ದೆನೋ.

“ಏನರ ಕೇಳಸ್ತೇನು?” ಎಂದರು.

“ಏನೂ ಇಲ್ಲರಿ ಕಾಕಾ.”

“ಹಾಂ. ಅದನ್ನ ಕೇಳು.”

ಆಗ ನನ್ನ ಬಾಯಿಂದ ತಾನಾಗಿಯೇ ಬಂತು: “ಕಾಕಾ, ನಾಯಿ ಬಂದಿರ್ಲಿಲ್ಲರಿ.”

“ಕೈ ನಿಲ್ಲಸಬ್ಯಾಡ” ಎಂದರು, ಅಷ್ಟೇ.

ಕೊಡ ತುಂಬಿತು, ಎಲ್ಲರೂ ಕುಡಿದರು. ಸಂಜೆ ಬಸ್ಸಿನ ಹಾದಿಯಲ್ಲಿ, “ಪಾದ್ರಿಗೊಳ ಹಂತೇಕ ಹೋಗಿ ತಾರೀಖ ನೋಡೂನು” ಎಂದರು. ಜೂನಿನಲ್ಲಿ ರೂತ ನಮ್ಮ ಮನೆಗೆ ಬಂದಳು. ತಪ್ಪೊಪ್ಪಿಕೊಂಡದ್ದಕ್ಕೇ ಹೆಣ್ಣು ಕೊಟ್ಟರು ಎಂದು ಐದು ವರ್ಷ ಎಲ್ಲರ ಮುಂದೆ ನನ್ನ ಸತ್ಯಸಂಧತೆ ಹೊಗಳಿಕೊಂಡೆ. ಮಾವ ಕೇಳಿಸದವರಂತೆ ಇರುತ್ತಿದ್ದರು. ಅರ್ಧ ಕಿವಿಯ ಅನುಕೂಲ ಅದು.

ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಈ ವರ್ಷ ಗಂಡಸರನ್ನು ಮಾಳಕ್ಕೆ ಕರೆದೊಯ್ಯುವ ಕೆಲಸ ನನಗೆ ಬಂತು. ಬೆಲ್‌ಬಾಟಮ್ ಮನೆಯಲ್ಲೇ ಬಿಟ್ಟು ಹೋದೆ. ಅವರು ಕೂರುತ್ತಿದ್ದ ಗಿಡದ ಕೆಳಗೆ ಯಾರೂ ಕೂರಲಿಲ್ಲ. ಬೀರಣ್ಣ ಬಂದು ಟೋಪಿ ಇಲ್ಲದ ಆ ಜಾಗವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ:

“ಈ ಸಲಾನೂ ನಮ್ಮ ಹಟ್ಟ್ಯಾಗ ಒಂದ ಕೊಡಾ ಇಡೂದೇನ್ರಿ?”

“ಯಾವ ಕೊಡಾ?”

“ನಿಮ್ಮ ಮಾವಾರು ಹರ ವರ್ಸ ಒಂದ ಕೊಡಾ ನೀರ ತುಂಬಿಸಿ ನಮ್ಮಲ್ಲಿ ಮುಚ್ಚಿ ಇಡ್ತಿದ್ರಲ್ರಿ, ಯಾರಿಗೂ ತ್ರಾಸ ಆಗಬಾರದಂತ. ನೀವು ವರತಿ ತೋಡಿದ ದಿನಾನೂ ಇತ್ತು. ‘ಮಂದಿ ನೀರಡಿಸ್ಯಾರ, ಕೊಡಾ ತರ್ಲ್ಯಾ?’ ಅಂತ ನಾ ಬಂದ ಕೇಳಿದ್ನಿ. ‘ತಡಿಯೋ ಬೀರಣ್ಣಾ’ ಅಂದ್ರು, ‘ನಮ್ಮ ಅಳಿಯಾ ನೀರ ತಗ್ಯಾಕತ್ತಾನ.’”